ಅಮ್ಮನ ಗೋಡೆ

ಕಡಲ ಮನೆ
ಅಕ್ಟೋಬರ್ 18

ಅಕ್ಕನಿಗೆ,

ಬಂದು ತಲುಪಿದೆ. ನೀನು ಕಟ್ಟಿಕೊಟ್ಟ ಬುತ್ತಿ ಅರ್ಧ ದಾರಿಯಲ್ಲೇ ಖಾಲಿಯಾಯಿತು. ಕಟ್ಟಿಕೊಟ್ಟ ಬುದ್ಧಿಮಾತನ್ನು ಮಾತ್ರ ಯಾರೂ ಮುಟ್ಟಿಲ್ಲ, ಹಾಗೇ ಇದೆ.

ಇನ್ನು ಕೆಲಸ ಮುಗಿಯುವವರೆಗೆ ಕಾಗದವೇ ಗತಿ. ಇಲ್ಲಿ ಫೋನಿಲ್ಲ. ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತು ಕೂಗಾಡಿದರೂ ಅಮ್ಮನ ಕಿವಿಗೆ ಬೀಳುವುದು ‘ಹಲೋ’ ಒಂದೇ. ಉಳಿದದ್ದಕ್ಕೆಲ್ಲ ಅವಳು ‘ಊಟ ಆಯ್ತಾ’ ಅನ್ನುತ್ತಾಳೆ. ನೀನೂ ನಾನೂ ಮಾತಾಡಿದರೆ ಪೂರ್ತಿ ಜಗಳ, ಬರೆದರೆ ಅರ್ಧ ಜಗಳ. ಹಾಗಾಗಿ ಇದನ್ನು ಅಮ್ಮನ ಪಕ್ಕ ಕೂತು ಗಟ್ಟಿಯಾಗಿ ಓದು. ಇಲ್ಲಿಂದ ಮುಂದಿನದು ಅವಳಿಗೆ.

ಅಮ್ಮಾ, ನಿನ್ನ ಮನೆ ಇನ್ನೂ ನಿಂತಿದೆ. ನಿನ್ನ ಮನೆ ಅಂದದ್ದನ್ನು ಮಾಲೀಕರು ಕೇಳಿಸಿಕೊಂಡರೆ ನಕ್ಕಾರು, ನಗಲಿ. ಉಪ್ಪಿನ ವ್ಯಾಪಾರಿಯ ಮಗ ಕಟ್ಟಿಸಿದ ಆ ಉದ್ದ ಜಗಲಿಯ ಕಂಬಗಳಲ್ಲಿ ಎರಡು ಮಾತ್ರ ವಾಲಿವೆ. ಮಹಡಿಯ ಮೆಟ್ಟಿಲಿನ ಕಟಕಟೆ ಗಟ್ಟಿಯಾಗಿದೆ. ಕಡಲ ಕಡೆಯ ಜಾಲರಿ ಕಿಟಕಿಗಳು ಗಾಳಿ ಬಂದರೆ ಈಗಲೂ ಹಲ್ಲು ಕಡಿಯುತ್ತವೆ. ಕ್ಷಯದ ಆಸ್ಪತ್ರೆಯಾಗಿದ್ದಾಗ ಮಂಚಗಳು ಎಳೆದ ಗೆರೆ ನೆಲದ ಮೇಲೆ ಹಾಗೇ ಇದೆ. ಆಸ್ಪತ್ರೆ ಮುಚ್ಚಿದ ಮೇಲೆ ಬಂದ ಕಚೇರಿಯವರು ಒಂದು ದೊಡ್ಡ ಉಪಕಾರ ಮಾಡಿದ್ದಾರೆ: ಹೊರಗಿನ ಸುಣ್ಣದ ಗೋಡೆಗಳಿಗೆಲ್ಲ ಸಿಮೆಂಟು ಬಳಿದಿದ್ದಾರೆ. ಉಪ್ಪುನೀರು ಒಳಗೇ ಸಿಕ್ಕಿಕೊಂಡು ಗೋಡೆಗಳು ಬಾತುಕೊಂಡಿವೆ. ಬಾವಿಯ ಹಿಂದಿನ ನಮ್ಮ ಕೋಣೆಯ ಮಾಡು ಹೋಗಿದೆ. ಅಲ್ಲೊಂದು ಪಪ್ಪಾಯಿ ಗಿಡ ಎದ್ದಿದೆ, ಯಾರನ್ನೂ ಕೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮನೆ ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೇ ಆಗಬೇಕು, ಆಮೇಲಿನ ತೇಪೆಗಳೆಲ್ಲ ಹೋಗಬೇಕು ಎಂದು ಈಗ ಮನೆ ನೋಡಿಕೊಳ್ಳುತ್ತಿರುವ ಟ್ರಸ್ಟಿನವರು ತೀರ್ಮಾನಿಸಿದ್ದಾರೆ. ಗಾರೆ ಕೆಲಸ ಪೂರ್ತಿ ನನ್ನ ಕೈಯಲ್ಲಿದೆ, ಆದರೆ ಈ ತೀರ್ಮಾನ ನನ್ನ ಕೈಯಲ್ಲಿಲ್ಲ. ನಿನ್ನ ವಿಷಯ ಹೇಳಿ ಆರ್ಕಿಟೆಕ್ಟರ ತಲೆ ತಿಂದೆ. ಆಸ್ಪತ್ರೆಯ ಕಾಲದಲ್ಲಿ ಈ ಮನೆಯ ಸುಣ್ಣವನ್ನೆಲ್ಲ ಅರೆದವಳು ನೀನು, ಹೆಂಗಸು ಗಾರೆ ಹಾಕುವ ಕರಣೆ ಮುಟ್ಟಬಾರದು ಎಂದು ಮೇಸ್ತ್ರಿಗಳು ಕಾನೂನು ಮಾಡಿದ್ದ ಕಾಲ ಅದು, ಒಂದು ಮಳೆಗಾಲದಲ್ಲಿ ಕಡಲು ಒಳಗೆ ನುಗ್ಗಿ ಗಾರೆ ಕಳಚಿ ಬಿದ್ದಾಗ, ಮಳೆ ನಿಲ್ಲದೆ ಬರುವುದಿಲ್ಲ ಎಂದು ಅವರು ಹೇಳಿ ಕಳಿಸಿದಾಗ, ನೀನೊಬ್ಬಳೇ ನಿಂತು ಒಂದು ಗೋಡೆಗೆ ಗಾರೆ ಹಾಕಿದೆ ಎಂದೆಲ್ಲ ಹೇಳಿದೆ. ಕೊನೆಗೆ ಅವರು, “ಒಂದು ತೇಪೆ ಉಳಿಸೋಣ. ಆದ್ರೆ ಇದು ನನ್ನದು ಅಂತ ನಿಮ್ಮ ತಾಯಿಯೇ ಹೇಳ್ಬೇಕು. ನಿಮ್ಮ ಊಹೆ ಬೇಡ,” ಅಂದರು.

ನಮ್ಮಿಬ್ಬರನ್ನೂ ಅತ್ತೆಯ ಮನೆಗೆ ಕಳಿಸಿದ್ದ ಮಳೆಗಾಲ ಅದು, ನಾವು ನೋಡಿಲ್ಲ. ಚಿಕ್ಕಂದಿನಿಂದ ‘ಆ ಮನೇಲಿ ನನ್ನದೂ ಒಂದು ಗೋಡೆ ಇದೆ’ ಎಂದು ಹೇಳುತ್ತ ಬಂದೆ, ಯಾವುದು ಎಂದು ಮಾತ್ರ ಬಾಯಿ ಬಿಡಲಿಲ್ಲ. ಈಗ ಹೇಳಲೇಬೇಕು. ಇಷ್ಟು ದೊಡ್ಡ ಮನೆಯಲ್ಲಿ ನಿನ್ನದೊಂದು ಉಳಿಯಬೇಕು. ನಾನು ಈ ಕೆಲಸಕ್ಕೆ ಬಂದದ್ದೇ ಅದಕ್ಕೆ.

ನಿನ್ನ ತಂಗಿ

*

ಅಕ್ಟೋಬರ್ 30

ಸುಣ್ಣದ ಬೊಂಬೆಗೆ,

ಕಾಗದ ಬಂತು. ಎರಡು ಸಲ ಓದಿಸಿಕೊಂಡಳು. ಪಪ್ಪಾಯಿ ಗಿಡ ಬಂದಾಗ ನಿಲ್ಲಿಸಿ, “ಹೆಣ್ಣು ಗಿಡವಾ ಕೇಳು. ಗಂಡಾಗಿದ್ರೆ ಬಿಟ್ಟಿ ಜಾಗ ಯಾಕೆ,” ಅಂದಳು. ನಿನ್ನ ಭಾವ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕರು. ಅತ್ತೆ ತಮಗೇ ಅಂದದ್ದು ಎಂದು ಅವರಿಗೆ ಅನುಮಾನ.

ಗೋಡೆಯ ವಿಷಯಕ್ಕೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಆಮೇಲೆ ನನ್ನನ್ನು ದೂರಬೇಡ. “ಈಗ್ಲೇ ಹೇಳ್ಬಿಟ್ರೆ ಆ ಒಂದು ಗೋಡೆಯನ್ನೇ ಮುದ್ದು ಮಾಡ್ತಾ ಕೂತಿರ್ತಾಳೆ. ಉಳಿದ ಗೋಡೆಗಳು ಏನು ಪಾಪ ಮಾಡಿದ್ವು? ಮೊದ್ಲು ಎಲ್ಲಾ ನೋಡ್ಲಿ. ನೋಡಾದ್ಮೇಲೆ ಕೇಳ್ಲಿ, ಹೇಳ್ತೀನಿ. ನಾನೇನು ಎಲ್ಲಿಗಾದ್ರೂ ಓಡಿ ಹೋಗ್ತೀನಾ?”

ಚೆನ್ನಾಗಿತ್ತಾ ನಿನ್ನ ಗೋಡೆ ಎಂದು ನಾನೇ ಕೇಳಿದೆ. “ಚೆನ್ನಾಗಿತ್ತೋ ಇಲ್ವೋ, ನಿಂತಿತ್ತು. ಆ ಕಡೆ ಮಲಗಿದ್ದವರಿಗೆ ಅವತ್ತು ರಾತ್ರಿ ಗಾಳಿ ಬೀಸ್ಲಿಲ್ಲ,” ಅಂದಳು. ಮಳೆ ನಿಂತ ಮೇಲೆ ಮೇಸ್ತ್ರಿಗಳು ಬಂದು ನೋಡಿ ತುಂಬಾ ನಕ್ಕರಂತೆ. ಇದನ್ನು ಅವಳು ಇಷ್ಟು ವರ್ಷ ನಮಗೆ ಹೇಳಿರಲಿಲ್ಲ ಅಲ್ಲವಾ? ನಾನಂತೂ ಈಗ ಕೇಳಿದ್ದು.

ಇಲ್ಲಿ ಅಂಗಡಿಯಲ್ಲಿ ಹಬ್ಬದ ಬಟ್ಟೆಯ ಹೊಲಿಗೆ ಶುರುವಾಗಿದೆ. ನನ್ನ ಕಾಲು ಯಂತ್ರದ ಮೇಲೆ, ಕಿವಿ ಅಮ್ಮನ ಮೇಲೆ. ಸಮಯಕ್ಕೆ ಸರಿಯಾಗಿ ಉಣ್ಣು. ಇದೂ ಬುದ್ಧಿಮಾತೇ, ಮುಟ್ಟದೆ ಇಟ್ಟುಕೋ.

ಅಕ್ಕ

*

ಕಡಲ ಮನೆ
ನವೆಂಬರ್ 21

ಅಕ್ಕಾ, ಅಮ್ಮಾ,

ಸಿಕ್ಕಿತು!

ಮೊದಲು ಹೇಗೆ ಸಿಕ್ಕಿತು ಎಂದು ಕೇಳಿ. ಪ್ರತಿ ಗೋಡೆಯ ಮೂಲೆಯಲ್ಲೂ ಅಂಗೈಯಗಲದ ಜಾಗ ಗುರುತು ಮಾಡಿ, ಸಣ್ಣ ಚಾಕುವಿನಿಂದ ಒಂದೊಂದೇ ಪದರ ಮೆಟ್ಟಿಲು ಮೆಟ್ಟಿಲಾಗಿ ಕೆರೆಯುತ್ತೇವೆ. ಮೇಲೆ ಕಚೇರಿಯವರ ಬೂದು ಬಣ್ಣ. ಅದರ ಕೆಳಗೆ ಆಸ್ಪತ್ರೆಯ ಬಿಳಿ, ವರ್ಷಕ್ಕೊಂದು ಸಲ ಬಳಿದು ಬಳಿದು ರೊಟ್ಟಿಯಷ್ಟು ದಪ್ಪವಾಗಿದೆ. ಅದರಡಿಯಲ್ಲಿ ವ್ಯಾಪಾರಿಯ ಮನೆಯ ತಿಳಿಹಳದಿ. ಇಷ್ಟು ಉಪ್ಪುಗಾಳಿಯ ಕಡಲ ಮುಂದೆ ಅವರು ಹಳದಿ ಬಳಿದುಕೊಂಡು ಕೂತಿದ್ದರು ಎಂದರೆ ಯಾರು ನಂಬುತ್ತಾರೆ! ಊರಿನವರೆಲ್ಲ ಇದನ್ನು ಬಿಳಿ ಮನೆ ಎಂದೇ ತಿಳಿದಿದ್ದಾರೆ. ರೋಗ ಬಂದ ಮೇಲಿನ ಬಣ್ಣ ಅದು.

ಮಹಡಿಯ ಮೇಲೆ ಕಡಲ ಕಡೆಯ ಮೂಲೆಕೋಣೆಯಲ್ಲಿ, ಕಿಟಕಿಯ ಪಕ್ಕ, ಮಂಚದಷ್ಟು ಅಗಲದ ಒಂದು ತೇಪೆ ಇದೆ. ಹಳದಿಯಿಲ್ಲ, ಅಂದರೆ ಆಸ್ಪತ್ರೆಯ ಕಾಲದ್ದು. ಚಿಪ್ಪಿನ ಸುಣ್ಣ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಮಾಡಿದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ನನ್ನ ಮುಖ ಕಂಡಿತು. ಇಂಥ ಕೆಲಸ ಈ ಮನೆಯಲ್ಲಿ ಬೇರೆಲ್ಲೂ ಇಲ್ಲ. ಈಗ ನಮ್ಮ ಜೊತೆ ಕೆಲಸ ಮಾಡುವ ಹಿರಿಯ ಮೇಸ್ತ್ರಿ ಬಂದು ಕೆನ್ನೆ ಒತ್ತಿ ನೋಡಿ, “ಇದನ್ನ ಮಾಡಿದ ಕೈಗೆ ನಮಸ್ಕಾರ,” ಅಂದರು. ನನ್ನ ಅಮ್ಮನದು ಅಂದುಬಿಟ್ಟೆ. ಬಾಯಿ ತಡೆಯಲಿಲ್ಲ.

ಅಮ್ಮಾ, ನಕ್ಕವರು ಹೊಟ್ಟೆಕಿಚ್ಚಿಗೆ ನಕ್ಕಿರಬೇಕು. ಹೌದು ಅನ್ನು, ಸಾಕು. ಇನ್ನೂ ಕೆಲವು ಗೋಡೆ ನೋಡುವುದಿದೆ, ನೀನು ಹೇಳಿದ ಹಾಗೆ ಎಲ್ಲವನ್ನೂ ನೋಡುತ್ತೇನೆ. ಆದರೆ ನನಗೆ ಗೊತ್ತಾಗಿದೆ.

ತಂಗಿ

*

ಡಿಸೆಂಬರ್ 24

ತಂಗಿಗೆ,

ಬರೆಯಲು ತಡವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ. ಅಮ್ಮನಿಗೆ ಸ್ವಲ್ಪ ನಿಶ್ಶಕ್ತಿ, ಚಳಿಗೆ ಇರಬೇಕು. ಗಾಬರಿಯಾಗುವಂಥದ್ದೇನಿಲ್ಲ.

ನಿನ್ನ ಕಾಗದ ಅವಳಿಗೆ ಓದಿದೆ. ಗೋಡೆಯ ಬಗ್ಗೆ ಏನೂ ಹೇಳಲಿಲ್ಲ. ಇನ್ನೂ ನೋಡಲಿ ಅಂದಳು. ಆರೋಗ್ಯ ನೋಡಿಕೋ ಅಂದಳು.

ಕೆಲಸ ಬಿಟ್ಟು ಇಲ್ಲಿಗೆ ಬರುವ ಯೋಚನೆ ಮಾಡಬೇಡ.

ಅಕ್ಕ

*

ಕಡಲ ಮನೆ
ಜನವರಿ 6

ಅಕ್ಕಾ,

ಇದನ್ನು ಅಮ್ಮನಿಗೆ ಓದಬೇಡ. ಕೊನೆಯ ಭಾಗ ಮಾತ್ರ ಓದು, ಅಲ್ಲಿ ಗೆರೆ ಹಾಕಿದ್ದೇನೆ.

ಒಂದು ತಿಂಗಳು ಕಾದು ಕೂತವಳಿಗೆ ನಾಲ್ಕು ಸಾಲು ಬರೆಯುತ್ತೀಯಲ್ಲ! ಅಮ್ಮನಿಗೆ ನನ್ನ ಮೇಲೆ ಕೋಪ ಬಂದಿದೆ, ನೀನು ಮುಚ್ಚಿಡುತ್ತಿದ್ದೀಯ. ‘ಇನ್ನೂ ನೋಡಲಿ’ ಅನ್ನುವುದು ಅವಳ ಮಾತಿನ ಹಾಗೇ ಇಲ್ಲ. ಬೈಗುಳವಿಲ್ಲದೆ ಅವಳು ಯಾವತ್ತು ಮಾತು ಮುಗಿಸಿದ್ದಾಳೆ? ಆಸ್ಪತ್ರೆ ಮುಚ್ಚಿದಾಗ ಪಾತ್ರೆ ಪಗಡ ಸಮೇತ ನಮ್ಮನ್ನು ಹೊರಗೆ ನಿಲ್ಲಿಸಿದವರ ಮನೆಗೆ ಮಗಳು ಹೋಗಿ ಸುಣ್ಣ ಬಳಿಯುತ್ತಿದ್ದಾಳೆ ಎಂದು ನೋವಾಗಿದೆ, ಅಷ್ಟೇ ತಾನೇ? ಅವಳು ಇಲ್ಲಿ ನಗೆಗೀಡಾದ ಕತೆ ಕೇಳಿದಾಗಿನಿಂದ ನನಗೂ ನಿದ್ದೆಯಿಲ್ಲ. ಅದಕ್ಕೇ ಹಟ ಹಿಡಿದಿರುವುದು. ಆ ಗೋಡೆಯ ಪಕ್ಕ ಒಂದು ಫಲಕ ಹಾಕಿಸುತ್ತೇನೆ. ಬಂದವರೆಲ್ಲ ನಿಂತು ಓದಲಿ.

ಇನ್ನು ಗೆರೆ. ಇಲ್ಲಿಂದ ಓದು.

ಅಮ್ಮಾ, ಎಲ್ಲ ಗೋಡೆಗಳನ್ನೂ ನೋಡಿಯಾಯಿತು. ಆಸ್ಪತ್ರೆಯ ಕಾಲದ ತೇಪೆಗಳು ಎರಡೇ ಉಳಿದಿವೆ. ಒಂದು, ಮಹಡಿಯ ಮೂಲೆಕೋಣೆಯದು, ಕನ್ನಡಿಯ ಹಾಗಿರುವುದು. ಇನ್ನೊಂದು ಕೆಳಗೆ, ಬಾವಿಯಿಂದ ಹಿಂದಿನ ವಾರ್ಡಿಗೆ ಹೋಗುವ ಓಣಿಯಲ್ಲಿ. ಅದು ಬರೀ ಗುಡ್ಡ ಕಣಿವೆ. ಕೆಲಸ ಬಾರದವರು ಅವಸರದಲ್ಲಿ ಮೆತ್ತಿದ್ದು, ಅದರ ಮೇಲೆ ಬಳಿದ ಸುಣ್ಣವೂ ಗಟ್ಟಿ ಕಟ್ಟಿ ಕೂತಿದೆ. ಎರಡರಲ್ಲಿ ಒಂದು ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ಈ ತಿಂಗಳ ಕೊನೆಗೆ ಓಣಿಯ ಕೆಲಸ ಶುರು ಮಾಡಲೇಬೇಕು, ಸಾರುವೆ ಕಟ್ಟಿದ್ದಾರೆ. ಮಹಡಿಯದು ನಿನ್ನದು ತಾನೇ? ಹೌದೋ ಅಲ್ಲವೋ, ಅಷ್ಟು ಹೇಳು. ಬೈದಾದರೂ ಹೇಳು.

ತಂಗಿ

*

ಜನವರಿ 19

ತಂಗಿಗೆ,

ಅಮ್ಮನಿಗೆ ಓದಿದೆ. ಕೋಪವೇನಿಲ್ಲ, ಏನೇನೋ ಕಲ್ಪಿಸಿಕೊಳ್ಳಬೇಡ. ಮಹಡಿಯ ಗೋಡೆ ಎನ್ನುವಾಗ ಕಣ್ಣಲ್ಲಿ ನೀರು ಬಂತು. ಅದೇನಾ ಎಂದು ಕೇಳಿದೆ. ಹೌದು, ಅದೇ ಅಂದಳು. ಕೆಳಗಿನದು ಯಾರದೋ ಏನೋ, ತೆಗೆದುಹಾಕಲಿ ಅಂದಳು.

ನಿನ್ನ ಬಗ್ಗೆ ಹೆಮ್ಮೆ ಪಡುತ್ತಾಳೆ. ಆರ್ಕಿಟೆಕ್ಟರಿಗೆ ಹೇಳು, ತಾಯಿಯೇ ಹೇಳಿದ್ದಾರೆ ಎಂದು.

ಅಕ್ಕ

*

ಕಡಲ ಮನೆ
ಫೆಬ್ರವರಿ 3

ಅಮ್ಮಾ, ಅಕ್ಕಾ,

ನಿನ್ನ ಒಂದು ಮಾತಿಗೆ ಎಷ್ಟು ಕೆಲಸವಾಯಿತು ನೋಡು. ಮಹಡಿಯ ಗೋಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಬರಹದಲ್ಲಿ ಆಗಿದೆ. ಫಲಕ ಬರೆಯುವವನು ಬಂದು ಅಳತೆ ತೆಗೆದುಕೊಂಡು ಹೋದ. ‘ಈ ಮನೆಯ ಸುಣ್ಣ ಅರೆದ ಹೆಂಗಸು ಮಾಡಿದ ಗೋಡೆ’ ಎಂದು ಬರೆಯಲು ಹೇಳಿದ್ದೇನೆ.

ಓಣಿಯದನ್ನು ಮೊನ್ನೆ ತೆಗೆದೆವು. ಉಳಿ ತಾಗಿಸಿದರೆ ಬಿದ್ದುಹೋಗುತ್ತದೆ ಅಂದುಕೊಂಡಿದ್ದೆ. ಎಲ್ಲಿಯದು! ಕಲ್ಲನ್ನು ಕಚ್ಚಿ ಹಿಡಿದಿತ್ತು. ಎರಡು ದಿನ ನಾಲ್ಕು ಜನರ ತೋಳು ಸೋತಿತು. ಮೇಲಿನ ಸುಣ್ಣದ ಪದರ ಎದ್ದಾಗ ಒಂದು ತಮಾಷೆ ಕಂಡಿತು. ಆ ಗಾರೆಯನ್ನು ಕರಣೆಯಿಂದ ಹಾಕಿಯೇ ಇಲ್ಲ, ಬರಿಗೈಯಲ್ಲಿ ಹಾಕಿದ್ದು! ಗೋಡೆ ತುಂಬ ಅಂಗೈ ಗುರುತು. ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆದು, ಕೊನೆಯಲ್ಲಿ ಅರ್ಧ ಚಂದ್ರದ ಹಾಗೆ ತಿರುಗಿಸಿದ್ದು, ಮತ್ತೆ ಕೆಳಗಿನಿಂದ. ಸಣ್ಣ ಕೈ. ಮೇಲಿನ ಸಾಲಿಗೆ ಎಟಕದೆ ಬೆರಳ ತುದಿಯಿಂದಷ್ಟೇ ಮೆತ್ತಿದ್ದರು. ಹಿರಿಯ ಮೇಸ್ತ್ರಿ, “ಯಾವುದೋ ಬೆಕ್ಕು ಗಾರೆ ಹಾಕಿದೆ,” ಅಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಈಗ ಓಣಿ ಕಲ್ಲು ಬಿಟ್ಟುಕೊಂಡು ನಿಂತಿದೆ. ಒದ್ದೆ ಮಾಡಿ ಹೊಸ ಗಾರೆ ಹಾಕಬೇಕು. ನೀನೊಮ್ಮೆ ಬರಬೇಕು ಅಮ್ಮಾ. ಮಹಡಿ ಹತ್ತಿಸುವ ಜವಾಬ್ದಾರಿ ನನ್ನದು, ಹೊತ್ತುಕೊಂಡಾದರೂ ಹೋಗುತ್ತೇನೆ.

ತಂಗಿ

*

ಫೆಬ್ರವರಿ 14

ತಂಗೀ,

ಇದನ್ನು ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತುಕೋ.

ಅಮ್ಮನಿಗೆ ಡಿಸೆಂಬರ್ ಮೊದಲ ವಾರದಲ್ಲಿ ಲಕ್ವ ಹೊಡೆಯಿತು. ಬೆಳಿಗ್ಗೆ ನಲ್ಲಿಯ ಹತ್ತಿರ ಬಿದ್ದಿದ್ದಳು. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತು ನಿಂತುಹೋಗಿದೆ. ಕಿವಿ ಮೊದಲಿನಷ್ಟೇ ಕೇಳುತ್ತದೆ, ಎಲ್ಲ ತಿಳಿಯುತ್ತದೆ. ಬಾಯಿಂದ ಒಂದು ಅಕ್ಷರ ಬರುವುದಿಲ್ಲ.

ಅಂದಿನಿಂದ ನಾನು ಬರೆದ ‘ಅಮ್ಮ ಹೀಗಂದಳು’ ಎಲ್ಲ ನಾನೇ ಅಂದದ್ದು.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಮೊದಲು ಡಾಕ್ಟರು ಮಾತು ಬರಬಹುದು, ಕಾಯಿರಿ ಅಂದರು. ಬಂದ ಮೇಲೆ ಒಟ್ಟಿಗೆ ಬರೆಯೋಣ ಅಂದುಕೊಂಡೆ. ಹೇಳಿದರೆ ನೀನು ಎಲ್ಲ ಬಿಟ್ಟು ಓಡಿ ಬರುತ್ತೀಯ, ಅಲ್ಲಿ ಅವಳ ಗೋಡೆ ಹುಡುಕುವವರು ಯಾರು ಎಂದೂ ಅನ್ನಿಸಿತು. ಇವೆರಡೂ ನಿಜವೇ. ಮೂರನೆಯದು ಇದಕ್ಕಿಂತ ನಿಜ. ಡಿಸೆಂಬರಿನಲ್ಲಿ ಆ ನಾಲ್ಕು ಸಾಲು ಬರೆದು, ಸರಿಯಿದೆಯಾ ಎಂದು ಗಟ್ಟಿಯಾಗಿ ಓದಿಕೊಂಡೆ. ‘ಆರೋಗ್ಯ ನೋಡಿಕೋ ಅಂದಳು’ ಎಂದು ಓದುವಾಗ ಅವಳು ನಿಜವಾಗಿಯೂ ಅಂದ ಹಾಗಾಯಿತು. ಮನೆಯಲ್ಲಿ ಅವಳ ಮಾತು ಇನ್ನೂ ಇದೆ ಅನ್ನಿಸಿತು. ಅದನ್ನು ಬಿಡಲು ನನ್ನಿಂದ ಆಗಲಿಲ್ಲ.

ಜನವರಿಯ ನಿನ್ನ ಕಾಗದ ಓದಿ, ಮಹಡಿಯದಾ ಎಂದು ಕೇಳಿದೆ. ಅಳುತ್ತ ಎಡಗೈಯಿಂದ ಹಾಸಿಗೆಯನ್ನು ಬಡಿದಳು. ಮತ್ತೆ ಕೇಳಿದೆ, ಮತ್ತೆ ಬಡಿದಳು. ಅದನ್ನು ನಾನು ಹೌದು ಎಂದು ತಿಳಿದುಕೊಂಡೆ. ನನಗೆ ಹೌದು ಬೇಕಿತ್ತು. ಕನ್ನಡಿಯಂಥ ಗೋಡೆ ಎಂದು ನೀನು ಅಷ್ಟು ಸಂತೋಷದಲ್ಲಿ ಬರೆದಿದ್ದೆ. ‘ತೆಗೆದುಹಾಕಲಿ ಅಂದಳು’ ಎಂದು ಕೂಡ ಸೇರಿಸಿದೆನಲ್ಲ, ಅದನ್ನು ಅವಳು ಕೈಸನ್ನೆಯಲ್ಲೂ ಹೇಳಿರಲಿಲ್ಲ. ನನ್ನ ನಾಲಿಗೆ ಸೇದಿಹೋಗಲಿ.

ನಿನ್ನ ಮೂರನೇ ತಾರೀಕಿನ ಕಾಗದ ನಿನ್ನೆ ಬಂತು. ಎಂದಿನಂತೆ ಪಕ್ಕದಲ್ಲಿ ಕೂತು ಓದಿದೆ. ಅಂಗೈ ಗುರುತು, ಅರ್ಧ ಚಂದ್ರ ಎನ್ನುವಲ್ಲಿಗೆ ಬಂದಾಗ ಹಾಸಿಗೆ ಸರಿಯುವ ಸದ್ದಾಯಿತು. ತಿರುಗಿ ನೋಡಿದೆ. ಅವಳ ಎಡಗೈ ಹೊದಿಕೆಯ ಮೇಲೆ ಓಡುತ್ತಿತ್ತು. ಅಂಗೈ ಒತ್ತಿ, ಕೆಳಗಿನಿಂದ ಮೇಲಕ್ಕೆ ಎಳೆದು, ಕೊನೆಯಲ್ಲಿ ತಿರುಗಿಸಿ, ಮತ್ತೆ ಕೆಳಗಿನಿಂದ. ನಾನು ಓದುವುದನ್ನು ನಿಲ್ಲಿಸಿದೆ, ಅವಳು ನಿಲ್ಲಿಸಲಿಲ್ಲ. “ಅದು ನಿನ್ನದಾ ಅಮ್ಮಾ?” ಎಂದು ಕೇಳಿದೆ. ಆಗ ಕೈ ನಿಂತಿತು. ಕಣ್ಣು ಮುಚ್ಚಿಕೊಂಡಳು.

ಅವಳಿಗೆ ಕರಣೆ ಯಾರು ಕೊಟ್ಟಿದ್ದರು ಹೇಳು? ನಮಗಿಬ್ಬರಿಗೂ ಇಷ್ಟು ಹೊಳೆಯಲಿಲ್ಲವಲ್ಲ.

ಬೆಕ್ಕು ಎನ್ನುವ ಮಾತನ್ನು ನಾನು ಓದಲಿಲ್ಲ. ಅಷ್ಟರಲ್ಲಿ ನಿಲ್ಲಿಸಿದ್ದೆ.

ಅಕ್ಕ

*

ಕಡಲ ಮನೆ
ಫೆಬ್ರವರಿ 20

ಅಕ್ಕಾ,

ನಾಳೆ ಹೊರಡುತ್ತೇನೆ. ಕಾಗದಕ್ಕಿಂತ ನಾನೇ ಮೊದಲು ಬಂದರೂ ಬಂದೆ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ಕೇಳಲು ನನಗೆ ಬಾಯಿ ಬರುವುದಿಲ್ಲ.

ಇಷ್ಟು ದಿನ ನಾನು ಯಾರ ಜೊತೆ ಮಾತಾಡುತ್ತಿದ್ದೆ?

ತಂಗಿ

*

ಮಾರ್ಚ್ 22

ತಂಗಿಗೆ,

ನೀನು ಹೋದ ಮೇಲೆ ಅಮ್ಮನ ಮಂಚ ಎತ್ತಿಸಿದೆ. ಎತ್ತಿಸಬಾರದಿತ್ತು. ಆ ಜಾಗದಲ್ಲಿ ಈಗ ಏನು ಇಟ್ಟರೂ ಸರಿಹೋಗುವುದಿಲ್ಲ. ಹೊಲಿಗೆ ಯಂತ್ರ ತಂದಿಟ್ಟೆ, ಮಾರನೇ ದಿನ ವಾಪಸ್ ಅಂಗಡಿಗೆ ಕಳಿಸಿದೆ. ನಿನ್ನ ಭಾವ ಹೊತ್ತರು. ಅವರು ಗೊಣಗದೆ ಭಾರ ಹೊತ್ತದ್ದು ಇದೇ ಮೊದಲು.

ನೀನು ಇಲ್ಲಿದ್ದ ಆ ಎರಡು ವಾರದಲ್ಲಿ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಅವಳು ತೀರಿಕೊಂಡ ದಿನವೂ ಬೈಯಲಿಲ್ಲ. ಬಸ್ಸು ಹತ್ತುವಾಗಲಾದರೂ ಏನಾದರೂ ಅನ್ನುತ್ತೀಯ ಎಂದು ಕಾದೆ, ‘ಬಾಗಿಲು ಭದ್ರ ಮಾಡಿಕೋ’ ಅಂದೆ. ನಮ್ಮ ಹಳೆಯ ಅರ್ಧ ಜಗಳವಾದರೂ ಆಡು. ನನಗೆ ಈ ಮೌನ ತಡೆಯುವುದಿಲ್ಲ.

ಒಂದು ಮಾತು ಹೊಳೆದಿದೆ, ದಡ್ಡತನವಾದರೆ ಹೇಳು. ಓಣಿಯ ಗೋಡೆಗೆ ಇನ್ನೂ ಗಾರೆ ಹಾಕಿಲ್ಲ ಅಂದೆಯಲ್ಲ. ನೀನೇ ಹಾಕು, ಬರಿಗೈಯಲ್ಲಿ. ಅವಳು ಹೇಗೆ ಹಾಕಿದ್ದಳೋ ಹಾಗೇ. ಹೊದಿಕೆಯ ಮೇಲೆ ಅವಳ ಕೈ ಹೇಗೆ ಆಡುತ್ತಿತ್ತು ಎಂದು ನಾನು ಬಂದು ತೋರಿಸುತ್ತೇನೆ, ನನಗೆ ಚೆನ್ನಾಗಿ ನೆನಪಿದೆ. ನೀನು ಅವಳ ಮಗಳು, ನಿನ್ನ ಕೈಯೂ ಸಣ್ಣದೇ. ನೋಡುವವರಿಗೆ ಏನು ವ್ಯತ್ಯಾಸ ತಿಳಿಯುತ್ತದೆ?

ಅಕ್ಕ

*

ಕಡಲ ಮನೆ
ಏಪ್ರಿಲ್ 9

ಅಕ್ಕನಿಗೆ,

ಓಣಿಗೆ ಗಾರೆ ಹಾಕಿಯಾಯಿತು. ಕರಣೆಯಿಂದಲೇ ಹಾಕಿದೆ, ಉಳಿದ ಗೋಡೆಗಳ ಹಾಗೇ. ಚೆನ್ನಾಗಿಯೇ ಬಂದಿದೆ. ಅಲ್ಲಿ ಏನೋ ಇತ್ತು ಎಂದು ಯಾರಿಗೂ ತಿಳಿಯುವುದಿಲ್ಲ.

ನಿನ್ನ ಮಾತು ದಡ್ಡತನವಲ್ಲ. ನಿನ್ನ ಕಾಗದ ಬರುವ ಮೊದಲೇ ನಾನೂ ಅದನ್ನೇ ಯೋಚಿಸಿದ್ದೆ. ಒಂದು ಬೆಳಿಗ್ಗೆ ಯಾರೂ ಬರುವ ಮುಂಚೆ ಬುಟ್ಟಿಯಿಂದ ಗಾರೆ ತೆಗೆದು ಅಂಗೈಯಲ್ಲಿ ಹಾಕಿಯೂ ನೋಡಿದೆ. ಮೇಲಕ್ಕೆ ಎಳೆದೆ, ತಿರುಗಿಸಿದೆ. ನಿಂತು ನೋಡಿದರೆ ಅದು ನನ್ನ ಕೈ. ಅವಳದು ಮಳೆಯಲ್ಲಿ, ಅವಸರದಲ್ಲಿ, ಒಳಗೆ ಕೆಮ್ಮುತ್ತಿದ್ದವರಿಗಾಗಿ ಹಾಕಿದ ಗಾರೆ. ನಾನು ಹಾಕಿದ್ದು ಅವಳ ಹಾಗೆ ಕಾಣಲಿ ಎಂದು. ಅದನ್ನು ಕೆರೆದು ಒರೆಸಿದೆ. ನಮ್ಮ ಕೆಲಸದಲ್ಲಿ ಹೋದದ್ದನ್ನು ಹೋಯಿತು ಎಂದು ಬಿಡಬೇಕು. ಇದ್ದ ಹಾಗೆ ತೋರಿಸಿದರೆ ಅದು ಮೋಸ.

ತೆಗೆದ ಗಾರೆಯ ಚೂರಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಅಂಗಳದ ದಾರಿಗೆ ಹಾಕಿ ದಮ್ಮಸು ಮಾಡಿಬಿಟ್ಟಿದ್ದಾರೆ. ಯಾವುದು ಅವಳದು, ಯಾವುದು ಕಚೇರಿಯವರ ಸಿಮೆಂಟು ಎಂದು ಹೇಳಲಾಗುವುದಿಲ್ಲ. ಅದರ ಮೇಲೆ ದಿನಾ ನಡೆದು ಕೆಲಸಕ್ಕೆ ಹೋಗುತ್ತೇನೆ.

ಮಹಡಿಯ ಫಲಕ ತೆಗೆಸಿದೆ. ಆರ್ಕಿಟೆಕ್ಟರಿಗೆ ಎಲ್ಲ ಹೇಳಿದೆ. ಅವರು, “ಇರ್ಲಿ ಬಿಡಿ, ಯಾರಿಗೆ ಗೊತ್ತಾಗತ್ತೆ. ನಿಮ್ಮ ತಾಯಿ ಹೆಸರಲ್ಲಿ ಒಂದು ಒಳ್ಳೇ ಗೋಡೆ ಉಳೀಲಿ,” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಒಪ್ಪಲಿಲ್ಲ. ಯಾರೋ ಮೇಸ್ತ್ರಿ ಬೆವರು ಸುರಿಸಿ ತಿಕ್ಕಿದ ಗೋಡೆ ಅದು, ಅವನದಾಗಿಯೇ ಇರಲಿ. ಬೆಕ್ಕು ಅಂದ ಹಿರಿಯ ಮೇಸ್ತ್ರಿಗೆ ಯಾರು ಹೇಳಿದರೋ, ಮರುದಿನ ನನ್ನ ಗಾರೆಯ ಬುಟ್ಟಿಯನ್ನು ತಾವೇ ಹೊತ್ತು ತಂದು ನನ್ನ ಮುಂದಿಟ್ಟು ಹೋದರು. ಅವರ ತಪ್ಪೇನಿದೆ? ನಾನೂ ನಕ್ಕಿದ್ದೆ.

ನೀನು ಬೈ ಅಂದೆ. ಬೈಯಲು ಕೂತರೆ ನಿನಗಿಂತ ಮೊದಲು ನನಗೇ ಬರುತ್ತದೆ. ಅಮ್ಮನ ಗೋಡೆ ಅಂದರೆ ಕನ್ನಡಿಯ ಹಾಗಿರಬೇಕು ಎಂದು ಹಟ ಹಿಡಿದವಳು ನಾನು. ‘ಚೆನ್ನಾಗಿತ್ತೋ ಇಲ್ವೋ, ನಿಂತಿತ್ತು’ ಎಂದು ಅವಳೇ ಹೇಳಿದ್ದಳು, ನೀನು ಅದನ್ನು ಅವಳು ಹೇಳಿದ ಹಾಗೇ ಬರೆದಿದ್ದೆ. ಉಳಿ ತಾಗಿಸಿದರೂ ಕಲ್ಲು ಬಿಡದ ಗಾರೆಯನ್ನು ಕೆಲಸ ಬಾರದವರದು ಎಂದು ನಾನು ಹೇಗೆ ಅಂದೆ? ಇಷ್ಟು ವರ್ಷ ಈ ಕೆಲಸ ಮಾಡಿದವಳು. ಕೋಪ ನಿನ್ನ ಮೇಲೂ ಇದೆ, ಇಲ್ಲ ಅನ್ನುವುದಿಲ್ಲ. ಅದು ಹೋಗಲು ಹೊತ್ತು ಬೇಕು. ಒದ್ದೆ ಗೋಡೆಯನ್ನು ಬೆಂಕಿ ಇಟ್ಟು ಒಣಗಿಸಬಾರದು.

ನಿನಗೆ ಹೇಳದ ಒಂದು ವಿಷಯ ಇದೆ. ನೀನು ಔಷಧಿಗೆ ಹೋಗಿದ್ದ ಮಧ್ಯಾಹ್ನ ಅಮ್ಮನ ಕಿವಿಯ ಹತ್ತಿರ ಬಾಗಿ, “ಅಮ್ಮಾ, ನಿನ್ನ ಗೋಡೆಯನ್ನ ನಾನೇ ಕೆಡವಿಬಿಟ್ಟೆ,” ಅಂದೆ. ಅವಳು ನನ್ನ ಕೈ ತೆಗೆದುಕೊಂಡು ತಿರುಗಿಸಿ ನೋಡಿದಳು. ಸುಣ್ಣಕ್ಕೆ ಬೆರಳ ಸಂದಿಯೆಲ್ಲ ಒಡೆದಿತ್ತು. ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟುಕೊಂಡು ಬಹಳ ಹೊತ್ತು ಇದ್ದಳು. ತುಟಿ ಅಲುಗಿತು. ಏನೋ ಅಂದಳು ಅಕ್ಕಾ. ಏನು ಎಂದು ನನಗೆ ತಿಳಿಯಲಿಲ್ಲ. ಅವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಬೈದಳೋ, ಹೋಗಲಿ ಬಿಡು ಅಂದಳೋ, ಬರೀ ನೋಯುತ್ತಾ ಎಂದು ಕೇಳಿದಳೋ.

ಮೂರು ತಿಂಗಳು ಅವಳ ಮುಖ ನೋಡಿ ನೋಡಿ ಅವಳ ಮಾತು ಬರೆದವಳು ನೀನು. ಗೋಡೆಯ ವಿಷಯದಲ್ಲಿ ನಾನು ಸುಳ್ಳು ಒಪ್ಪುವವಳಲ್ಲ, ನೋಡಿದೆಯಲ್ಲ. ಆದರೂ ಕೇಳುತ್ತಿದ್ದೇನೆ. ಮುಂದಿನ ಕಾಗದದಲ್ಲಿ, ಒಂದೇ ಒಂದು ಸಲ, ಅಮ್ಮ ಏನಂದಳು ಎಂದು ಬರೆ.

ತಂಗಿ